ಕುಬೇರಪ್ಪನ ಕಾಮಣಿ

ಸರಸ್ವತಿ ನಗರದ ಕುಬೇರಪ್ಪನಿಗೆ ನಿಜವಾಗಿ ಯಾವ ಕಾಯಿಲೆಯೂ ಇರಲಿಲ್ಲ. ಹೆಂಡತಿ ಪುಷ್ಪಲತಾ ಮುನಿಸಿಕೊಂಡು ತವರಿಗೆ ಹೋಗಿದ್ದಳು, ಅಷ್ಟೇ. ನಾಟಿ ಔಷಧಿ ಕೊಡುವ ಅತ್ತೆಯನ್ನು ಅವನು 'ಸೊಪ್ಪು ಅರೆಯೋ ಡಾಕ್ಟ್ರು' ಎಂದು ಹಂಗಿಸಿದ ತಪ್ಪಿಗೆ ಈಗ ಮನೆ ಬಿಕೋ ಎನ್ನುತ್ತಿತ್ತು. ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹೋಗಿ ಕರೆದುಕೊಂಡು ಬರೋಣವೆಂದರೆ ಮೀಸೆ ಅಡ್ಡ ಬರುತ್ತಿತ್ತು.

ಬೆಳಿಗ್ಗೆ ಪಕ್ಕದ ಮನೆಯ ನಿರ್ಮಲಮ್ಮ ಕಾಂಪೌಂಡಿನ ಮೇಲಿಂದ ಇಣುಕಿದರು.

"ಯಾಕ್ರೀ, ಮುಖ ಬಾಡಿದ ಬದನೆಕಾಯಿ ಆಗೈತಲ್ಲ? ಊಟ ಸೇರಲ್ವಾ? ಹಂಗಾದ್ರೆ ಕಾಮಣೀನೇ, ಕಣ್ಣು ಹಳದಿ ಆಗೋ ಕಾಮಾಲೆ! ನಿಮ್ಮತ್ತೆ ಅದಕ್ಕೇ ಔಷಧಿ ಕೊಡ್ತಾರಲ್ಲ, ಹೋಗ್ರಿ ಕೊಕ್ಕನೂರಿಗೆ."

ಕುಬೇರಪ್ಪನಿಗೆ ಕುಣಿಯುವಷ್ಟು ಖುಷಿಯಾಯಿತು. ರೋಗಿಯಾಗಿ ಹೋದರೆ ತನ್ನ ಮರ್ಯಾದೆಯೂ ಉಳಿಯಿತು, ಅತ್ತೆಯ ಸಿಟ್ಟೂ ಇಳಿಯಿತು. ಹರಿಹರದಲ್ಲಿ ಬಸ್ಸಿಳಿದು ಪರಿಚಯದ ರೌಫನ ಆಟೋ ಹತ್ತಿದ.

"ಕಾಮಣಿನಾ ಭಾಯ್? ಹುಷಾರು, ನಮ್ಮ ಮಾಮೂ ಅದರಾಗೇ ಹೋದ್ರು," ಎಂದು ಧೈರ್ಯ ತುಂಬಿದ ರೌಫ್, ದಾರಿಯಲ್ಲಿ ಸಿಕ್ಕವರಿಗೆಲ್ಲ ಸುದ್ದಿ ಹಂಚಿದ. ಅತ್ತೆಯ ಅಂಗಳ ಮುಟ್ಟುವಷ್ಟರಲ್ಲಿ ನಾಯಕರ ಓಣಿಯ ಅರ್ಧ ಜನ ಬೆನ್ನ ಹಿಂದಿದ್ದರು.

ಅತ್ತೆ ದುರುಗವ್ವ ಅವನ ಕಣ್ಣರೆಪ್ಪೆ ಎಳೆದು ನೋಡಿದಳು. ಹಿತ್ತಲಿಂದ ಬೇರು ತಂದು ಅರೆದು, ಮಜ್ಜಿಗೆಯಲ್ಲಿ ಕಲಸಿ ಕೊಟ್ಟಳು. ಆ ಕಹಿಗೆ ಕುಬೇರಪ್ಪನ ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಒಳಗೆ ಬಳೆ ಸದ್ದಾಯಿತು. ಆ ಸದ್ದು ಇನ್ನೊಂದಿಷ್ಟು ಕೇಳಲೆಂದು, ಬೇಡಿ ಇನ್ನೊಂದು ಬಟ್ಟಲು ಕುಡಿದ.

ಪುಷ್ಪಲತಾ ಹೊರಬಂದಳು. ಕೈಯಲ್ಲಿ ಬ್ಯಾಗು!

"ನಿರ್ಮಲಮ್ಮ ಫೋನ್ ಮಾಡಿದ್ರು. ಊಟ ಬಿಟ್ರೆ ಹೆಂಗ್ರೀ? ನಡೀರಿ, ಮನೀಗೆ ಹೋಗಣ."

ಈ ದನಿ ಕೇಳದೆ ಎಷ್ಟು ಸೊರಗಿದ್ದನೆಂದು ಕುಬೇರಪ್ಪನಿಗೆ ಈಗ ತಿಳಿಯಿತು.

ದುರುಗವ್ವ ಮಗಳಿಗೆ ಅಡ್ಡ ನಿಂತಳು. "ನೀನೆಲ್ಲಿಗೆ? ಈ ಔಷಧಿಗೆ ಪಥ್ಯ ಐತೆ. ಹುಳಿ ಬ್ಯಾಡ, ಕರಿದಿದ್ದು ಬ್ಯಾಡ. ಅಮಾಸಿ ದಾಟೋವರೆಗೆ ಗಂಡ ಹೆಂಡ್ತಿ ಒಂದೇ ಮನಿಯಾಗ ಇರಂಗಿಲ್ಲ. ಅದು ಒಂದು ಬಟ್ಲಿಗೆ. ಇವರು ಎರಡು ಕುಡಿದಾರೆ."

"ಅತ್ತೆ, ನಂಗೆ ಕಾಮಣಿ ಇಲ್ಲ!" ಕುಬೇರಪ್ಪ ಓಣಿಯವರ ಮುಂದೆಯೇ ಕೈ ಮುಗಿದ. "ಸುಳ್ಳು ಹೇಳ್ದೆ. ಇವಳಿಲ್ದೆ ಇರಕ್ಕಾಗ್ಲಿಲ್ಲ, ಅದಕ್ಕೆ ಬಂದೆ."

"ಗೊತ್ತು ಬಿಡ್ರಿ ಅಳಿಯಂದ್ರೇ, ಕಣ್ಣು ಹಾಲಿನಂಗೆ ಬೆಳ್ಳಗವೆ. ಬಾಯಿಬಿಟ್ಟು ಕೇಳಿದೋರಿಗೆ ನಾವು ಇಲ್ಲ ಅನ್ನಂಗಿಲ್ಲ, ಕೊಟ್ಟೆ. ನಿಮಗೆ ಕಾಮಣಿ ಇಲ್ಲ ಅಂತ ನಂಗೊತ್ತು, ನಿಮಗೊತ್ತು. ಔಷಧಿಗೆ ಗೊತ್ತಿಲ್ವಲ್ಲ!"

ಪುಷ್ಪಲತಾ ಬ್ಯಾಗು ಕೆಳಗಿಟ್ಟಳು. ಅವ್ವನ ಪಥ್ಯ ಮುರಿಯುವ ಧೈರ್ಯ ಅವಳಿಗೂ ಇರಲಿಲ್ಲ. ಆಟೋ ಹೊರಟರೂ ಬಾಗಿಲು ಬಿಟ್ಟು ಕದಲಲಿಲ್ಲ.

"ರೌಫ್, ಸ್ವಲ್ಪ ಮೆಲ್ಲಗೆ ಹೋಗಪ್ಪ," ಎಂದ ಕುಬೇರಪ್ಪ, ಹಿಂದಕ್ಕೆ ತಿರುಗಿಯೇ ಕೂತ.