ಮನೆ-ಬಸ್ಸಿನ ಎರಡನೇ ಬ್ಯಾಟರಿ

೨೦೦೩ರಲ್ಲಿ ಜಯನಗರದ ಸಂಚಾರಿ ನಿವಾಸ ಪ್ರಚಾರ ಮಂಡಳಿಯಲ್ಲಿ ಒಂದು ಮನೆ-ಬಸ್ಸು ಮತ್ತು ಇಪ್ಪತ್ತೇಳು ಮಂದಿ ಸಿಬ್ಬಂದಿ ಇದ್ದರು. ಬಸ್ಸಿನೊಳಗೆ ಮಂಚ, ಫ್ಯಾನು, ದೀಪ, ನಲ್ಲಿ ಎಲ್ಲವೂ ಇದ್ದವು. ಸಾರ್ವಜನಿಕರು ಇದನ್ನು ನೋಡಿ ತಾವೂ ಬಸ್ಸಿನಲ್ಲೇ ಸಂಸಾರ ಹೂಡಲಿ ಎಂಬುದು ಮಂಡಳಿಯ ಘನ ಉದ್ದೇಶ. ಇನ್ನೂ ಯಾರೂ ಹೂಡಿರಲಿಲ್ಲ.

ಚಾಲಕ ಮೌನೇಶ ಯಾದಗಿರಿ ಕಡೆಯವನು, ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿದ್ದ. ಏಳು ವರ್ಷದಿಂದ ದಿನಗೂಲಿ. ಶುಕ್ರವಾರ ನಿರ್ದೇಶಕರನ್ನು ಬಸ್ಸಿನಲ್ಲಿ ತಲಘಟ್ಟಪುರ ಮುಟ್ಟಿಸಿದರೆ ನೌಕರಿ ಕಾಯಂ, ಇಲ್ಲದಿದ್ದರೆ ಹುದ್ದೆಯೇ ರದ್ದು ಎಂದು ಆದೇಶವಾಗಿತ್ತು. ಬಸ್ಸು ತನ್ನ ಮಾತು ಮೀರುವುದಿಲ್ಲ ಎಂದು ಅವನು ನೆಮ್ಮದಿಯಾಗಿದ್ದ.

ಬಸ್ಸಿಗೆ ಎರಡು ಬ್ಯಾಟರಿ. ಒಂದು ಎಂಜಿನ್ ಎಬ್ಬಿಸಲು, ಇನ್ನೊಂದು ಫ್ಯಾನು ದೀಪಗಳಿಗೆ. ನಡುವೆ ರಿಲೇ ಎಂಬ ಬೆಂಕಿಪೊಟ್ಟಣದಷ್ಟು ಡಬ್ಬಿ. ಎಂಜಿನ್ ಓಡುವಾಗ ಅದು ಎರಡನ್ನೂ ಸೇರಿಸಿ ಚಾರ್ಜ್ ಮಾಡಿಸುತ್ತದೆ. ಎಂಜಿನ್ ನಿಂತ ಕೂಡಲೇ ಬೇರೆ ಮಾಡುತ್ತದೆ. ಫ್ಯಾನು ತನ್ನ ಬ್ಯಾಟರಿಯನ್ನು ಎಷ್ಟೇ ಹೀರಲಿ, ಎಂಜಿನ್ನಿನದು ಭದ್ರವಾಗಿರುತ್ತದೆ.

ಸೋಮವಾರ ಅಧೀಕ್ಷಕ ಗುರುಬಸಪ್ಪನವರು ದಾಸ್ತಾನು ಪುಸ್ತಕ ತೆರೆದರು. ಮೊದಲ ಬ್ಯಾಟರಿ 'ವಾಹನ' ವಿಭಾಗದಲ್ಲಿತ್ತು, ಎರಡನೆಯದು 'ಪೀಠೋಪಕರಣ' ವಿಭಾಗದಲ್ಲಿತ್ತು.

"ಏನ್ರೀ ಮೌನೇಶ, ವಾಹನದ ಕರೆಂಟು ಫರ್ನಿಚರ್‌ಗೆ ಹೋಗ್ತಿದೆಯಲ್ರೀ! ಯಾರು ಸ್ಯಾಂಕ್ಷನ್ ಮಾಡಿದ್ದು?"

"ರಿಲೇ ತಾನ ಕಳಸ್ತೈತ್ರಿ ಸಾಹೇಬ್ರ."

"ಸಹಿ ಇಲ್ದೆ?" ಗುರುಬಸಪ್ಪನವರು ಕನ್ನಡಕ ತೆಗೆದರು. "ಅದರ ಗ್ರೇಡ್ ಏನು?"

ಅದಕ್ಕೆ ಗ್ರೇಡೇ ಇರಲಿಲ್ಲ. ರಿಲೇಯನ್ನು ಅಂದೇ ಅಮಾನತಿನಲ್ಲಿಟ್ಟು ಬೀರುವಿಗೆ ಸೇರಿಸಲಾಯಿತು. ಅದರ ಜಾಗದಲ್ಲಿ ಜವಾನ ಬೈಲಪ್ಪನನ್ನು ಎರಡು ವೈರುಗಳೊಂದಿಗೆ ಕೂರಿಸಿ ಸುತ್ತೋಲೆ ಹೊರಡಿಸಲಾಯಿತು:

"ಬ್ಯಾಟರಿಗಳನ್ನು ಕೂಡಿಸಲು ನಮೂನೆ ಏಳು, ಅಗಲಿಸಲು ನಮೂನೆ ಎಂಟು, ತಲಾ ಮೂರು ಪ್ರತಿ. ಅಧೀಕ್ಷಕರ ಸಹಿಯಿಲ್ಲದೆ ಬ್ಯಾಟರಿಗಳು ಪರಸ್ಪರ ವ್ಯವಹರಿಸತಕ್ಕದ್ದಲ್ಲ."

ಗುರುವಾರ ಬೆಳಿಗ್ಗೆ ನಮೂನೆ ಏಳರ ಪ್ರಕಾರ ಬೈಲಪ್ಪ ವೈರು ಕೂಡಿಸಿದ. ಮೌನೇಶ ಎಂಜಿನ್ ಓಡಿಸಿ, ಎರಡೂ ಬ್ಯಾಟರಿ ತುಂಬಿದ ಮೇಲೆ ನಿಲ್ಲಿಸಿದ. ಅಷ್ಟರಲ್ಲಿ ಗುರುಬಸಪ್ಪನವರು ಬನಶಂಕರಿಯಲ್ಲಿ ನಾಮಕರಣದ ಊಟಕ್ಕೆ ಹೋಗಿದ್ದರು. ಕಚೇರಿಯಲ್ಲಿ ಕರೆಂಟು ಹೋದದ್ದರಿಂದ ಹನ್ನೊಂದು ಮಂದಿ ಬಸ್ಸು ಹತ್ತಿ ಫ್ಯಾನಿನಡಿ ಕೂತರು.

"ಬೈಲಪ್ಪಣ್ಣ, ವೈರ್ ಬಿಚ್ಚೋ ಮಾರಾಯಾ! ಎಂಜಿನ್ ಬ್ಯಾಟರೀನೂ ಡೌನ್ ಆಗ್ತೈತಿ. ನನ್ನ ನೌಕರಿ ಹೋಗ್ತೈತಿ!"

"ನಮೂನೆ ಎಂಟು ಎಲ್ಲಪ್ಪಾ? ನಂದೂ ಸಂಸಾರ ನಡೀಬೇಕು."

ಗುರುಬಸಪ್ಪನವರು ಅಂದು ಮರಳಲಿಲ್ಲ. ಊಟ ಭರ್ಜರಿಯಾಗಿತ್ತಂತೆ.

ಶುಕ್ರವಾರ ನಿರ್ದೇಶಕ ಶಂಭುಲಿಂಗಪ್ಪನವರು ಮಂಚದ ಮೇಲೆ ಕೂತರು. ಮೌನೇಶ ಕೀ ತಿರುಗಿಸಿದ. 'ಟಿಕ್' ಎಂದಿತು, ಅಷ್ಟೇ. ಅವನು ಕಿಟಕಿಯಿಂದ ಬಾಗಿ, ಕೆಳಗೆ ನಿಂತಿದ್ದ ಗುರುಬಸಪ್ಪನವರಿಗೆ ಮೆಲ್ಲಗೆ ಹೇಳಿದ:

"ಹಿಂದಿಂದ ತಳ್ಳಿಸ್ರಿ ಸಾಹೇಬ್ರ, ಗೇರ್ ಹಾಕಿ ಎಬ್ಬಿಸ್ತೀನಿ."

"ತಳ್ಬಹುದು," ಎಂದು ಗುರುಬಸಪ್ಪನವರು ಪಿಸುಗುಟ್ಟಿದರು. "ಹಾಗೆ ಎಬ್ಬಿಸೋಕೆ ಮಾತ್ರ ನಮೂನೆ ಇಲ್ಲ."

ಹಾಗಾಗಿ ಇಪ್ಪತ್ತೆರಡು ಮಂದಿ ಸಿಬ್ಬಂದಿ ಎಂಜಿನ್ ಎಬ್ಬಿಸದೆಯೇ ಬಸ್ಸನ್ನು ತಲಘಟ್ಟಪುರದವರೆಗೂ ತಳ್ಳಿದರು. ಬೈಲಪ್ಪ ಮಾತ್ರ ವೈರು ಬಿಡದೆ ಕೂತಿದ್ದ. ಹಾರ್ನಿಗೂ ಜೀವವಿರಲಿಲ್ಲವಾದ್ದರಿಂದ ಮೌನೇಶ ಸಾರಕ್ಕಿ ಸಿಗ್ನಲ್ಲಿನಲ್ಲಿ ಕಿಟಕಿಯಿಂದ ತಲೆ ಹೊರಹಾಕಿ, ಹೊಟ್ಟೆಪಾಡಿನ ಕೂಗನ್ನೆಲ್ಲ ಸೇರಿಸಿ "ಪೀಂ! ಪೀಂ!" ಎಂದ. ಆಟೋದವರು ದಾರಿ ಬಿಟ್ಟರು.

ನಿರ್ದೇಶಕರು ಇಳಿದು ಮೈಮುರಿದರು. "ಸಖತ್ ಸ್ಮೂತ್ ಕಣ್ರೀ! ಸೌಂಡಿಲ್ಲ, ಹೊಗೆ ಇಲ್ಲ. ಡೀಸೆಲ್ ಎಷ್ಟು ಹೋಯ್ತು?"

"ಒಂದು ತೊಟ್ಟೂ ಇಲ್ಲ ಸಾರ್," ಎಂದರು ಗುರುಬಸಪ್ಪನವರು. ಅದು ನಿಜವಾಗಿತ್ತು.

ಈ ವಿಧಾನವನ್ನು ಮಾದರಿಯೆಂದು ಘೋಷಿಸಲಾಯಿತು. ತಳ್ಳಿದವರು 'ಚಾಲನಾ ಸಹಾಯಕ'ರಾದರು. ನಮೂನೆ ಎಂಟು ಇನ್ನೂ ಬಾರದ ಕಾರಣ ವೈರು ಹಿಡಿದೇ ಇರುವ ಬೈಲಪ್ಪನಿಗೆ 'ಹಿರಿಯ ರಿಲೇ' ಎಂದು ಬಡ್ತಿ ಸಿಕ್ಕಿತು.

ಮೌನೇಶನ ನೌಕರಿ ಕಾಯಂ ಆಯಿತು. ಆದೇಶ ಕೈಗೆ ಬಂದಾಗ ಅವನು ನಿಂತಲ್ಲೇ ಅತ್ತುಬಿಟ್ಟ. ಅದರಲ್ಲಿ ಅವನ ಕರ್ತವ್ಯ ಎರಡೇ: ಸ್ಟೇರಿಂಗ್ ಹಿಡಿಯುವುದು, ಹಾರ್ನ್ ಆಗುವುದು. ಅವನಿಗೆ ಗಂಟಲು ಕಟ್ಟಿದ ದಿನ ಮಂಡಳಿಯವರು ಬಸ್ಸಿಗೆ 'ದುರಸ್ತಿಯಲ್ಲಿದೆ' ಎಂದು ಬೋರ್ಡು ತಗುಲಿಸಿ, ಅವನಿಗೆ ಬಿಸಿನೀರು ಕಾಯಿಸಿ ಕೊಡುತ್ತಾರೆ.