ವಿಜ್ಞಾನದ ಮೇಷ್ಟ್ರ ಹೊಟ್ಟೆಯ ಬ್ಲಾಗು

ಎಲ್ಲಕ್ಕೂ ಕಾರಣ ಸ್ಟಾಫ್ ರೂಮಿನ ಬಾಗಿಲಿಗೆ ಅಂಟಿಸಿದ್ದ ಒಂದು ನೋಟೀಸು. ಪ್ರತಿಯೊಬ್ಬ ಶಿಕ್ಷಕರೂ ತರಗತಿಗೊಂದು ಬ್ಲಾಗ್ ನಡೆಸಬೇಕು, ಅದರಲ್ಲಿ ಪಾಠ ಬರೆಯಬೇಕು, ಪಾಠದ ಕೆಳಗೆ ಚರ್ಚೆ ನಡೆಯಬೇಕು. ಇಂದು ಸಂಜೆ ಹೆಡ್ ಮೇಡಂ ಖುದ್ದಾಗಿ ನೋಡುತ್ತಾರೆ. ಯಾರ ಬ್ಲಾಗಿನಲ್ಲಿ ಚರ್ಚೆ ಇಲ್ಲವೋ ಅವರೇ ಮುಂದಿನ ಹಾಸ್ಟೆಲ್ ವಾರ್ಡನ್.

ಕೊನೆಯ ಸಾಲು ಓದಿದ್ದೇ ವಿಜ್ಞಾನದ ಮೇಷ್ಟ್ರ ಜೀವ ಬಾಯಿಗೆ ಬಂತು. ವಾರ್ಡನ್ ಆದವರು ಮನೆ ಬಿಟ್ಟು ಹಾಸ್ಟೆಲ್ಲಿನಲ್ಲೇ ಮಲಗಬೇಕು, ಅಲ್ಲಿನ ಅಡುಗೆಯನ್ನು ಹುಡುಗರಿಗಿಂತ ಮೊದಲು ತಾವೇ ಉಂಡು ನೋಡಬೇಕು. ಹಿಂದಿನ ವಾರ್ಡನ್ನುಗಳೆಲ್ಲ ಒಂದು ಕೈಯಲ್ಲಿ ಹೊಟ್ಟೆ, ಇನ್ನೊಂದು ಕೈಯಲ್ಲಿ ರಾಜೀನಾಮೆ ಹಿಡಿದೇ ಹೊರಟವರು. ನಮ್ಮ ಮೇಷ್ಟ್ರು ಮಾತ್ರ "ನಂದು ತುಂಬಾ ಸೂಕ್ಷ್ಮವಾದ ಹೊಟ್ಟೆ ಮೇಡಂ, ಹಾಲು ಕುಡಿದ್ರೂ ಗುಡುಗುತ್ತೆ" ಎಂದು ಮುಖ ಕಿವುಚಿ ಪ್ರತಿ ವರ್ಷವೂ ಜಾರಿಕೊಳ್ಳುತ್ತಿದ್ದರು.

ಮೇಷ್ಟ್ರು ಆಗಲೇ 'ನಮ್ಮ ಹೊಟ್ಟೆಯೊಳಗೆ ಏನು ನಡೆಯುತ್ತದೆ?' ಎಂಬ ಪಾಠ ಬರೆದು ಬ್ಲಾಗಿಗೆ ಹಾಕಿದ್ದರು. ಅದರ ಕೆಳಗೆ ಒಂದು ನರಪಿಳ್ಳೆಯೂ ಸುಳಿದಿರಲಿಲ್ಲ.

"ಚರ್ಚೆ ಹುಟ್ಟಿಸಬೇಕು ಸಾರ್," ಎಂದರು ಡ್ರಾಯಿಂಗ್ ಮೇಷ್ಟ್ರು. ಕೇಳದೆ ಸಲಹೆ ಕೊಡುವುದು ಅವರ ಹುಟ್ಟುಗುಣ. "ನನ್ನ ಬ್ಲಾಗ್ ನೋಡಿ. ಒಂದು ಕುದುರೆ ಬಿಡಿಸಿ ಹಾಕ್ದೆ. ಅದು ನಾಯಿನೋ ಮೇಕೆನೋ ಅಂತ ಹುಡುಗ್ರು ಬೆಳಗ್ಗೆಯಿಂದ ಹೊಡೆದಾಡ್ತಿದ್ದಾರೆ!"

ಮೇಷ್ಟ್ರು ತರಗತಿಯನ್ನು ಕಂಪ್ಯೂಟರ್ ಕೋಣೆಗೆ ಅಟ್ಟಿಕೊಂಡು ಹೋದರು. "ಎಲ್ರೂ ಬ್ಲಾಗ್ ತೆಗೀರಿ. ಪಾಠದ ಕೆಳಗೆ ಏನಾದ್ರೂ ಬರೀರಿ."

"ಪರೀಕ್ಷೆಗೆ ಬರುತ್ತಾ ಸಾರ್?" ಎಂದಿತು ಮುಂದಿನ ಬೆಂಚು.

"ಅದೆಲ್ಲ ಆಮೇಲೆ! ನೀವು ಇದ್ದೀರ ಅಂತ ನಂಗೆ ಗೊತ್ತಾಗ್ಬೇಕು, ಅಷ್ಟೇ."

ಮಕ್ಕಳು ತಲೆ ತಗ್ಗಿಸಿ ಕುಟ್ಟಿದರು. ಮೇಷ್ಟ್ರು ಹಿಗ್ಗಿನಿಂದ ಪರದೆ ನೋಡಿದರೆ, ಮೇಲಿಂದ ಕೆಳಗಿನವರೆಗೆ ಒಂದೇ ಚರ್ಚೆ: 'ಪ್ರೆಸೆಂಟ್ ಸಾರ್.' 'ಪ್ರೆಸೆಂಟ್ ಸಾರ್.' 'ಪ್ರೆಸೆಂಟ್ ಸಾರ್.' ಒಬ್ಬನಂತೂ ತನ್ನ ಗೆಳೆಯನ ಪರವಾಗಿಯೂ ಹಾಜರಿ ಹಾಕಿದ್ದ.

"ಇದನ್ನ ಮೇಡಂ ಒಪ್ಪಲ್ಲ ಸಾರ್," ಎಂದರು ಇಣುಕಿದ ಡ್ರಾಯಿಂಗ್ ಮೇಷ್ಟ್ರು. "ಇಷ್ಟೊತ್ತಿಗೆ ನಾನಾಗಿದ್ರೆ ಮನೆಯವ್ರ ಕೈಲಿ ಬರೆಸ್ತಿದ್ದೆ. ದೊಡ್ಡವ್ರು ಶುರು ಮಾಡಿದ್ರೆ ಮಕ್ಕಳು ತಾವಾಗೇ ಬಾಯಿ ಬಿಡ್ತಾರೆ."

ಊಟದ ಬಿಡುವಿನಲ್ಲಿ ಮೇಷ್ಟ್ರು ಏದುಸಿರು ಬಿಡುತ್ತ ಮನೆಗೆ ಓಡಿದರು. ಅಲ್ಲಿ ಹೆಂಡತಿ, ಮಗಳನ್ನು ನೋಡಲು ಬಂದು ಹೊರಡುವ ಮಾತೇ ಎತ್ತದ ಅತ್ತೆ, ಹೊಲಿದ ಪ್ಯಾಂಟು ಕೊಡಲು ಬಂದ ಪಕ್ಕದ ಮನೆಯ ಟೈಲರ್ ಮೂವರೂ ಹರಟೆ ಕೊಚ್ಚುತ್ತಿದ್ದರು.

"ಎಲ್ರೂ ಫೋನ್ ತೆಗೀರಿ! ನನ್ನ ಮಾನ ನಿಮ್ಮ ಕೈಲಿದೆ. ಹೊಟ್ಟೆ ಬಗ್ಗೆ ನಿಮಗೆ ಗೊತ್ತಿರೋದನ್ನ ನಾಲ್ಕು ಸಾಲು ಬರೀರಿ."

"ಯಾರ ಹೊಟ್ಟೆ ಅಳಿಯಂದ್ರೇ?" ಎಂದು ಅತ್ತೆ ಕೇಳಿದರು.

"ಯಾರದ್ದಾದ್ರೂ ಆಗ್ಲಿ, ಬರೀರಿ ಅತ್ತೆ!"

ಮೇಷ್ಟ್ರು ಆ ಗಡಿಬಿಡಿಯಲ್ಲೂ ಬೋಗುಣಿಯಲ್ಲಿದ್ದುದನ್ನು ಬಾಯಿಗೆ ತುರುಕಿಕೊಂಡು, ಕನ್ನಡಕ ಮೇಜಿನ ಮೇಲೆಯೇ ಮರೆತು ಮತ್ತೆ ಶಾಲೆಗೆ ಓಡಿದರು. "ಅಯ್ಯೋ, ಅದಿನ್ನೂ ಅರ್ಧ ಬೆಂದಿದೆ ಕಣ್ರೀ!" ಎಂದು ಹೆಂಡತಿ ಕೂಗಿದ್ದು ಗೇಟಿನವರೆಗೂ ಕೇಳಿಸಿತು.

ಮಧ್ಯಾಹ್ನ ಕಂಪ್ಯೂಟರ್ ಕೋಣೆಯಲ್ಲಿ ಗಲಾಟೆಯೋ ಗಲಾಟೆ. ಮಕ್ಕಳು ಕೇಕೆ ಹಾಕುತ್ತ ಟೈಪಿಸುತ್ತಿದ್ದರು. ಬರೀಗಣ್ಣಿಗೆ ಅಕ್ಷರಗಳೆಲ್ಲ ಇರುವೆ ಸಾಲಿನಂತೆ ಕಂಡರೂ ಸಾಲು ಉದ್ದವಾಗಿದೆ ಎಂಬುದು ಮೇಷ್ಟ್ರಿಗೆ ತಿಳಿಯಿತು. ಅಬ್ಬಾ, ಬದುಕಿದೆ ಎಂದುಕೊಂಡರು.

ಸಂಜೆ ಹೆಡ್ ಮೇಡಂ ಸ್ಟಾಫ್ ರೂಮಿನಲ್ಲಿ ಎಲ್ಲರ ಮುಂದೆ ಬ್ಲಾಗ್ ತೆರೆದು ಓದುತ್ತಾ ಹೋದರು. "ಭೇಷ್ ಮೇಷ್ಟ್ರೇ! ಸಣ್ಣ ಕರುಳು, ಪಿತ್ತರಸ, ಎಲ್ಲಾ ಮಕ್ಕಳೇ ಕೇಳಿದ್ದಾರೆ, ಮಕ್ಕಳೇ ಉತ್ತರ ಕೊಟ್ಟಿದ್ದಾರೆ. ಬ್ಲಾಗ್ ಅಂದ್ರೆ ಹೀಗಿರ್ಬೇಕು. ಉದಾಹರಣೆ ಇಟ್ಕೊಂಡು ಕಲಿಸಿದ್ದೀರಿ."

"ಎಲ್ಲಾ ನಿಮ್ಮ ಆಶೀರ್ವಾದ ಮೇಡಂ," ಎಂದು ಮೇಷ್ಟ್ರು ನಾಚಿಕೊಂಡರು. ಯಾವ ಉದಾಹರಣೆ ಎಂದು ಅವರಿಗೆ ಹೊಳೆಯಲಿಲ್ಲ.

"ಟೈಲರ್ ಒಬ್ರು ಬರೆದಿದ್ದಾರೆ: 'ಮೇಷ್ಟ್ರ ಪ್ಯಾಂಟಿನ ಹೊಲಿಗೆ ಬಿಚ್ಚಿ ಬಿಚ್ಚಿ ಸಡಿಲ ಮಾಡಿ ನನಗೆ ಸಾಕಾಗಿದೆ. ಅವರ ಒಳಗೆ ಹೋದದ್ದು ಒಂದು ಚೂರೂ ವೇಸ್ಟ್ ಆಗಲ್ಲ.' ಆಮೇಲೆ ನಿಮ್ಮ ಮನೆಯವ್ರು: 'ಮದುವೆಯಾದ ಹೊಸದರಲ್ಲಿ ನಾನು ಸೀಯಿಸಿದ ಅಡುಗೆಯನ್ನು ನಾಯಿ ಮೂಸಲಿಲ್ಲ, ಇವರು ಎರಡು ಸಲ ಬಡಿಸಿಕೊಂಡರು.' ಆಮೇಲೆ ನಿಮ್ಮ ಅತ್ತೆಯವ್ರು..." ಮೇಡಂ ಗಂಟಲು ಸರಿಪಡಿಸಿಕೊಂಡರು. "'ನಮ್ಮ ಅಳಿಯಂದಿರು ಕಲ್ಲು ತಿಂದು ಕಲ್ಲು ಅರಗಿಸಿಕೊಳ್ಳುತ್ತಾರೆ. ಇವತ್ತೂ ಬೇಯದ ಆಲೂಗಡ್ಡೆ ಬೋಗುಣಿಗಟ್ಟಲೆ ತಿಂದು ಶಾಲೆಗೆ ಓಡಿದ್ದಾರೆ. ಹೊಟ್ಟೆನೋವು ಅಂತ ಒಂದು ದಿನ ಅಂದವರಲ್ಲ.'"

ಮೇಡಂ ಪರದೆಯಿಂದ ಕಣ್ಣು ತೆಗೆದು ಮೇಷ್ಟ್ರ ಕಡೆ ತಿರುಗಿದರು.

"ಹಾಲು ಕುಡಿದ್ರೂ ಗುಡುಗುತ್ತೆ ಅಂದಿದ್ರಲ್ಲ?"

"ಅದು... ಅವ್ರು ಬರೆದಿದ್ದೆಲ್ಲ ಮಕ್ಕಳಿಗೆ ಅರ್ಥ ಆಗ್ಲಿ ಅಂತ ಸ್ವಲ್ಪ ಉತ್ಪ್ರೇಕ್ಷೆ ಮೇಡಂ."

"ಇಲ್ಲ ಮೇಡಂ, ನಿಜ!" ಡ್ರಾಯಿಂಗ್ ಮೇಷ್ಟ್ರು ಸಹಾಯಕ್ಕೆ ಧಾವಿಸಿದರು. "ದಿನಾ ನನ್ನ ಡಬ್ಬೀಲಿ ಅರ್ಧ ಅವ್ರೇ ಖಾಲಿ ಮಾಡೋದು."

ಮೇಡಂ ಬ್ಲಾಗಿನ ಕೆಳಗೇ ತಮ್ಮ ತೀರ್ಮಾನ ಟೈಪ್ ಮಾಡಿದರು: 'ಚರ್ಚೆ ಬಹಳ ಚೆನ್ನಾಗಿದೆ. ಇಂಥ ಹೊಟ್ಟೆಯನ್ನೇ ನಾವು ಇಷ್ಟು ವರ್ಷ ಹುಡುಕುತ್ತಿದ್ದದ್ದು. ನಾಳೆಯಿಂದ ಇವರೇ ಹಾಸ್ಟೆಲ್ ವಾರ್ಡನ್.'

ಅದು ಪ್ರಕಟವಾಗಿದ್ದೇ ತಡ, ಉತ್ತರಗಳು ಬರತೊಡಗಿದವು. ಮೇಷ್ಟ್ರ ಬಳಿ ಕನ್ನಡಕವಿಲ್ಲವೆಂದು ಡ್ರಾಯಿಂಗ್ ಮೇಷ್ಟ್ರೇ ಉತ್ಸಾಹದಿಂದ ಓದಿ ಹೇಳಿದರು.

ಹೆಂಡತಿ ಬರೆದಿದ್ದಳು: 'ರೀ, ಕನ್ನಡಕ ಇಲ್ಲೇ ಬಿಟ್ಟು ಹೋಗಿದ್ದೀರಿ. ಹಾಸಿಗೆ ಸುತ್ತುವಾಗ ಅದರೊಳಗೇ ಇಡ್ತೀನಿ.'

ಅತ್ತೆ ಬರೆದಿದ್ದರು: 'ಅಳಿಯಂದಿರ ಕೋಣೆಗೆ ಗಾಳಿ ಚೆನ್ನಾಗಿ ಬರುತ್ತೆ. ಇನ್ನು ನಾನು ಅಲ್ಲೇ ಮಲಗ್ತೀನಿ.'

ಅದರ ಕೆಳಗೆ ಹಾಸ್ಟೆಲ್ಲಿನ ಹುಡುಗರು ಬರೆದಿದ್ದರು: 'ಸಾರ್, ಇವತ್ತೂ ಆಲೂಗಡ್ಡೆ ಬೆಂದಿಲ್ಲ. ನಿಮಗೋಸ್ಕರ ದೊಡ್ಡ ಬೋಗುಣಿ ತೆಗೆದಿಟ್ಟಿದ್ದೀವಿ.'