ಕಡಲಿನ ಕೆಸರೂ ನಮ್ಮ ಚಿಕ್ಕಮ್ಮನೂ

ಚಂಡಮಾರುತ ಬರಲಿ ಎಂದು ದೇವರಲ್ಲಿ ಬೇಡಿಕೊಳ್ಳುವ ಹೆಂಗಸು ಇಡೀ ಕೊಪ್ಪ ತಾಲ್ಲೂಕಿನಲ್ಲಿ ನಮ್ಮ ಚಿಕ್ಕಮ್ಮ ಒಬ್ಬರೇ ಇರಬೇಕು. ಬೇಡಿಕೊಳ್ಳುವುದರಲ್ಲೂ ಅವರ ಷರತ್ತುಗಳು ಒಂದೆರಡಲ್ಲ. ಗಾಳಿ ಜೋರಾಗಿಯೇ ಬೀಸಬೇಕು, ಆದರೆ ಒಂದು ದೋಣಿಗೂ ಏಟಾಗಬಾರದು. ಅಲೆ ಏಳಬೇಕು, ಆದರೆ ದಡದ ಮನೆಗಳ ತಂಟೆಗೆ ಹೋಗಬಾರದು. ಎಲ್ಲ ಮುಗಿದ ಮಾರನೆಯ ದಿನ ಆಕಾಶ ತೊಳೆದು ಕವುಚಿಟ್ಟ ಸ್ಟೀಲ್ ಪಾತ್ರೆಯ ಹಾಗಿರಬೇಕು, ತುಣುಕು ಮೋಡವೂ ಕೂಡದು! ನಮ್ಮ ಕಡೆಯವರು ಮಳೆ ಬರಲಿ ಎಂದು ಕಿಗ್ಗದ ದೇವಸ್ಥಾನಕ್ಕೆ ಹೋಗುತ್ತಾರೆ, ಮಳೆ ನಿಲ್ಲಲಿ ಎಂದೂ ಕಿಗ್ಗಕ್ಕೇ ಹೋಗುತ್ತಾರೆ. ಎರಡನ್ನೂ ಒಂದೇ ಹಣ್ಣುಕಾಯಿಯಲ್ಲಿ ಮುಗಿಸಿ ಬಂದವರು ಚಿಕ್ಕಮ್ಮ ಮಾತ್ರ. ಸಂಕಲ್ಪ ಎಂತ ಹೇಳಲಿ ಎಂದು ಭಟ್ಟರು ಕೇಳಿದಾಗ, “ಮೊದಲು ಗಾಳಿ, ಆಮೇಲೆ ಬಿಸಿಲು. ಅದಲು ಬದಲು ಮಾಡ್ಬೇಡಿ” ಎಂದಿದ್ದರಂತೆ.

ಹುಚ್ಚೇ ಎಂದು ಕೇಳಬೇಡಿ. ಆ ಪ್ರಶ್ನೆಯನ್ನು ನಮ್ಮ ಮನೆಯಲ್ಲಿ ಎಲ್ಲರೂ ಕೇಳಿ ಮುಗಿಸಿದ್ದೇವೆ.

ಚಿಕ್ಕಮ್ಮ ನರಸಿಂಹರಾಜಪುರದ ಕಾಲೇಜಿನಲ್ಲಿ ಭೂಗೋಳದ ಉಪನ್ಯಾಸಕಿ. ಕೊಪ್ಪದಿಂದ ದಿನಾ ಬೆಳಿಗ್ಗೆ ಬಸ್ಸು, ಸಂಜೆ ವಾಪಸು. ಒಂದು ಸಲ ಮಕ್ಕಳನ್ನು ಪ್ರವಾಸವೆಂದು ಕರಾವಳಿಗೆ ಕರೆದುಕೊಂಡು ಹೋದರು. ಎರಡು ದಿನದ ಹಿಂದಷ್ಟೇ ಬಿರುಗಾಳಿ ಬಡಿದು ಹೋಗಿತ್ತು. ಸಮುದ್ರ ದಡದಿಂದ ಕಣ್ಣಿಗೆ ಕಾಣುವವರೆಗೂ ಹಾಲು ಕಮ್ಮಿಯಾದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಒಬ್ಬ ಹುಡುಗಿ, ಮೇಡಂ, ನಕ್ಷೆಯಲ್ಲಿ ಸಮುದ್ರ ನೀಲಿ ಇದೆಯಲ್ಲ, ಈ ಕೆಸರು ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ ಎಂದು ಕೇಳಿದಳು. ಚಿಕ್ಕಮ್ಮ “ನಾಳೆ ಹೇಳ್ತೀನಿ” ಎಂದರು. ಎಲ್ಲ ಮೇಷ್ಟ್ರುಗಳೂ ಹೇಳುವ ಮಾತೇ ಅದು. ಹೇಳಿ ಮರೆಯುವುದು ಪದ್ಧತಿ. ಇವರು ಮರೆಯುವ ಬದಲು ಪಿಎಚ್.ಡಿ.ಗೆ ಹೆಸರು ನೋಂದಾಯಿಸಿಬಿಟ್ಟರು! ಆಮೇಲೆ ಆ ಹುಡುಗಿ ಡಿಗ್ರಿ ಮುಗಿಸಿ, ಮದುವೆಯಾಗಿ, ಮಗನನ್ನು ಶಾಲೆಗೂ ಸೇರಿಸಿದಳು. ಚಿಕ್ಕಮ್ಮನ ನಾಳೆ ಇನ್ನೂ ಬಂದಿರಲಿಲ್ಲ.

ವಿಷಯ ಕೇಳಲು ಸರಳವೇ. ಬಿರುಗಾಳಿಯ ಅಲೆ ದಡದ ಹತ್ತಿರ ಸಮುದ್ರದ ತಳವನ್ನು ಕಲಕುತ್ತದೆ. ತಳದ ಹೂಳು ಮೇಲೆದ್ದು ನೀರಿನ ಜೊತೆ ಅಲೆದಾಡಿ ಬೇರೆಲ್ಲೋ ಹೋಗಿ ಕೂರುತ್ತದೆ. ಕೆಸರು ನೀರು ತಿಳಿ ನೀರಿಗಿಂತ ಹೆಚ್ಚು ಬೆಳಕನ್ನು ಹಿಂದಕ್ಕೆ ಕಳಿಸುವುದರಿಂದ, ಮೇಲೆ ಸುತ್ತುವ ಉಪಗ್ರಹ ತೆಗೆದ ಚಿತ್ರದಲ್ಲಿ ಅದು ಬೇರೆಯಾಗಿ ಕಾಣುತ್ತದೆ. ಬಿರುಗಾಳಿಗೆ ಮೊದಲಿನದೊಂದು ಚಿತ್ರ, ಆದ ತಕ್ಷಣದ್ದೊಂದು ಚಿತ್ರ, ಎರಡನ್ನೂ ಪಕ್ಕಪಕ್ಕ ಇಟ್ಟರೆ ಕೆಸರಿನ ದಾರಿ ಸಿಗುತ್ತದೆ. ಚಿಕ್ಕಮ್ಮನ ಹತ್ತಿರ ಮೊದಲಿನ ಚಿತ್ರಗಳು ರಾಶಿ ಇದ್ದವು. ಆಮೇಲಿನದು ಒಂದೂ ಇರಲಿಲ್ಲ. ಬಿರುಗಾಳಿ ಹೋದರೂ ಅದರ ಮೋಡ, ಊಟ ಮುಗಿದರೂ ಎಲೆ ಬಿಟ್ಟು ಏಳದ ನೆಂಟರ ಹಾಗೆ ಅಲ್ಲೇ ಕೂತಿರುತ್ತಿತ್ತು. ಮೋಡ ಎದ್ದು ಹೋಗುವಷ್ಟರಲ್ಲಿ ಕೆಸರು ತಳ ಸೇರಿ ಸಮುದ್ರ ಏನೂ ಆಗಿಯೇ ಇಲ್ಲ ಎಂಬಂತೆ ಮುಖ ಮಾಡಿಕೊಂಡಿರುತ್ತಿತ್ತು.

ಹೀಗಿರುವಾಗ ಕರಾವಳಿಯ ವಿಶ್ವವಿದ್ಯಾಲಯದಲ್ಲಿದ್ದ ಅವರ ಮಾರ್ಗದರ್ಶಕರು ಖಡಾಖಂಡಿತವಾಗಿ ಹೇಳಿಬಿಟ್ಟರು. ಬರುವ ವರ್ಷ ತಾವು ನಿವೃತ್ತರು. ಅಷ್ಟರೊಳಗೆ ಒಪ್ಪಿಸಿದರೆ ಉಂಟು, ಇಲ್ಲದಿದ್ದರೆ ನೋಂದಣಿ ರದ್ದು. ಅಂದರೆ ಚಿಕ್ಕಮ್ಮನ ಪಾಲಿಗೆ ಉಳಿದಿದ್ದು ಒಂದೇ ಹಿಂಗಾರು.

ಈಗ ನನ್ನ ಪರಿಚಯ. ಅಡ್ಡಗದ್ದೆಯಿಂದ ಬಿ.ಕಾಂ. ಓದುವ ನೆಪದಲ್ಲಿ ಕೊಪ್ಪಕ್ಕೆ ಬಂದು, ಬಸ್‌ಸ್ಟ್ಯಾಂಡಿನ ಹಿಂದಿರುವ ಚಿಕ್ಕಪ್ಪನ ಮನೆಯಲ್ಲಿ ಬೇರುಬಿಟ್ಟವನು ನಾನು. ಓದಿನ ಬಗ್ಗೆ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ನನಗೆ ಬರುವುದು ಒಂದೇ ವಿದ್ಯೆ, ಊರಿನವರ ಧ್ವನಿ ತೆಗೆಯುವುದು. ಬಸ್ಸಿನ ಕಂಡಕ್ಟರ್, ನಮ್ಮ ಪ್ರಿನ್ಸಿಪಾಲರು, ಮೂಗಿನಲ್ಲೇ ಬೆಲೆ ಹೇಳುವ ಬಾಳೆಹಣ್ಣಿನವರು, ಯಾರನ್ನೂ ಬಿಟ್ಟಿರಲಿಲ್ಲ. ಚಿಕ್ಕಮ್ಮನಂತೂ ನನ್ನ ಖಾಯಂ ಐಟಂ.

ಉಪಗ್ರಹ ಎಂದ ಮೇಲೆ ಎಲ್ಲವೂ ಕಾಣಬೇಕು ಎಂಬುದು ನಮ್ಮ ಬೀದಿಯ ನಂಬಿಕೆ. ಮನೆಗೆ ಹಾಲು ಕೊಡುವಾತನ ಎಮ್ಮೆ ಒಮ್ಮೆ ತಪ್ಪಿಸಿಕೊಂಡಿತು. ಅವನು ನೇರ ಚಿಕ್ಕಮ್ಮನ ಹತ್ತಿರ ಬಂದು, ಸ್ವಲ್ಪ ಕಂಪ್ಯೂಟರ್ ಹಾಕಿ ನೋಡಿ ಎಂದು ನಿಂತ. ಚಿಕ್ಕಮ್ಮ ಸಮಾಧಾನದಲ್ಲಿ ವಿವರಿಸಿದರು. ತಾವು ನೋಡುವ ಚಿತ್ರದಲ್ಲಿ ನಮ್ಮ ಬಸ್‌ಸ್ಟ್ಯಾಂಡು, ಅದರ ಹೋಟೆಲು, ಎದುರಿನ ಅಂಗಡಿ ಸಾಲು ಎಲ್ಲ ಸೇರಿ ಒಂದೇ ಒಂದು ಚುಕ್ಕೆ. ಎಮ್ಮೆ ಅದರಲ್ಲಿ ಲೆಕ್ಕಕ್ಕೇ ಇಲ್ಲ.

“ಮತ್ತೆ ಎಂತ ಕಾಣ್ತದೆ ನಿಮಗೆ?”

“ಕೆಸರು.”

“ಅದೇ ನಾನೂ ಹೇಳಾದು ಅಮ್ಮ. ಕೆಸರು ಸಿಕ್ಕಿದ್ರೆ ಸಾಕು, ನಮ್ಮ ಎಮ್ಮೆ ಅದ್ರಲ್ಲೇ ಬಿದ್ಕಂಡಿರ್ತದೆ.”

ಇಷ್ಟು ವರ್ಷದಲ್ಲಿ ಚಿಕ್ಕಮ್ಮನ ಸಂಶೋಧನೆಗೆ ಒಂದು ಉಪಯೋಗ ಹುಡುಕಿಕೊಟ್ಟವನು ಅವನೇ ಮೊದಲಿಗ.

ಉಪಗ್ರಹ ಹೇಳಿದ್ದು ಸರಿಯೋ ಎಂದು ನೀರಿನ ಹತ್ತಿರ ಹೋಗಿಯೂ ನೋಡಬೇಕಂತೆ. ಅದಕ್ಕೆ ಕಪ್ಪು ಬಿಳುಪು ಬಳಿದ ಒಂದು ದುಂಡು ತಟ್ಟೆ. ಹಗ್ಗ ಕಟ್ಟಿ ನೀರಿಗೆ ಇಳಿಸಿ, ಎಷ್ಟು ಆಳದಲ್ಲಿ ಅದು ಕಣ್ಣಿಗೆ ಮರೆಯಾಗುತ್ತದೆ ಎಂದು ಗುರುತಿಸುವುದು. ಬೇಗ ಮರೆಯಾದರೆ ಕೆಸರು ಜಾಸ್ತಿ. ಚಿಕ್ಕಮ್ಮ ಮನೆಯಲ್ಲೇ ಇದ್ದ ಅತ್ತೆಯ, ಅಂದರೆ ನಮ್ಮ ಅಜ್ಜಿಯ, ಊಟದ ತಟ್ಟೆಗೇ ಬಣ್ಣ ಬಳಿದರು. ಕಡಲಿಗೆ ಹೋಗುವ ಮೊದಲು ಕೈ ಪಳಗಲೆಂದು ಒಂದು ಭಾನುವಾರ ನರಸಿಂಹರಾಜಪುರದ ಹತ್ತಿರ ಭದ್ರಾ ಹಿನ್ನೀರಿನಲ್ಲಿ ಅಭ್ಯಾಸ. ಹಗ್ಗ ಹಿಡಿಯಲು ನಾನು. ಚಿಕ್ಕಮ್ಮ ತೆಪ್ಪದ ತುದಿಯಲ್ಲಿ ಬಗ್ಗಿ ಕೂತು ಕಪ್ಪು ಬಿಳುಪು ತಟ್ಟೆಯನ್ನು ನೀರಿಗೆ ಬಿಡುವುದು, ಬಾಯಲ್ಲಿ ಅಂಕಿ ಗೊಣಗುವುದು, ಮತ್ತೆ ಎತ್ತುವುದು. ದಡದಲ್ಲಿ ಬಲೆ ಬಿಡಿಸುತ್ತಿದ್ದವನೊಬ್ಬ ಬಹಳ ಹೊತ್ತು ನೋಡಿ, ನಾನು ಹತ್ತಿರ ಬಂದಾಗ ಮೆಲ್ಲಗೆ ಕೇಳಿದ.

“ಯಾರ ಮೇಲೆ ಮಾಡ್ಸಾದು ಮಾರಾಯ ಇದು?”

“ಪರೀಕ್ಷೆ ಮಾಡೋರ ಮೇಲೆ” ಎಂದೆ.

ನನ್ನ ಈ ಜಾಣತನದ ಫಲ ಚಿಕ್ಕಮ್ಮನಿಗೆ ದಕ್ಕಿತು. ಮುಂದಿನ ವಾರ ಕಾಲೇಜಿಗೆ ಒಬ್ಬಾಕೆ ನಿಂಬೆಹಣ್ಣು ತಂದು, ಮಂತ್ರಿಸಿ ಕೊಡಿ, ಮಗ ಫೇಲಾಗ್ತಾ ಇದ್ದಾನೆ ಎಂದು ಕೇಳಿಕೊಂಡಳಂತೆ. ಚಿಕ್ಕಮ್ಮ ಆ ಹಣ್ಣಿನಿಂದ ಪಾನಕ ಮಾಡಿ ಆಕೆಗೇ ಕುಡಿಸಿ, ಮಗನನ್ನು ಸಂಜೆ ಪಾಠಕ್ಕೆ ಕಳಿಸಲು ಹೇಳಿದರು. ಅವನು ಪಾಸೂ ಆಗಿಬಿಟ್ಟ! ಆಮೇಲೆ ನಿಂಬೆಹಣ್ಣು ಬರುವುದನ್ನು ತಡೆಯಲು ಪ್ರಿನ್ಸಿಪಾಲರಿಂದಲೂ ಆಗಲಿಲ್ಲ.

ನಗಲಾಗದ ಸಂಗತಿಯೂ ಒಂದಿತ್ತು. ತರಗತಿಯಲ್ಲಿ ಗಂಟಲು ತೆಗೆದರೆ ಪಕ್ಕದ ಕೊಠಡಿಯ ಗಣಿತವೂ ನಿಲ್ಲುವಷ್ಟು ದೊಡ್ಡ ಧ್ವನಿ ಅವರದು. ಅದೇ ಚಿಕ್ಕಮ್ಮ ದೊಡ್ಡ ಪ್ರೊಫೆಸರುಗಳ ಎದುರು ನಿಂತರೆ ಸೊನ್ನೆ. ನಡುವೆ ಒಮ್ಮೆ ಕೆಲಸ ಎಲ್ಲಿಗೆ ಬಂತು ಎಂದು ವಿಶ್ವವಿದ್ಯಾಲಯದವರಿಗೆ ವಿವರಿಸಬೇಕಿತ್ತು. ಇವರು ಎದ್ದು ನಿಂತು, ಒಂದು ಲೋಟ ನೀರು ಕೇಳಿ, ಅದನ್ನು ಕುಡಿದು ಕೂತುಬಿಟ್ಟಿದ್ದರು. ಆ ದೃಶ್ಯವನ್ನು ನಾನು ಅಡುಗೆಮನೆಯಲ್ಲಿ ಮಾಡಿ ತೋರಿಸಿದಾಗ ಎಲ್ಲರೂ ನಕ್ಕರು, ಚಿಕ್ಕಮ್ಮನೂ ನಕ್ಕರು. ಆಮೇಲೆ ಯಾಕೋ ಹಿತ್ತಲಿಗೆ ಹೋಗಿ ಒಣಗದ ಬಟ್ಟೆಗಳನ್ನೆಲ್ಲ ತೆಗೆದುಕೊಂಡು ಬಂದರು.

ಆ ವರ್ಷ ದೀಪಾವಳಿ ಕಳೆದ ಮೇಲೆ ಕಡಲಲ್ಲಿ ಬಿರುಗಾಳಿ ಎದ್ದೇ ಎದ್ದಿತು. ದಡಕ್ಕೆ ಬರದೆ, ದೂರದಲ್ಲೇ ನೀರು ಕುಲುಕಿ ಹೋಯಿತು. ಮಾರನೆಯ ದಿನ ಕರಾವಳಿಯ ಮೇಲೆ ಮೋಡ ಚದುರಿತ್ತು. ಸಂಕಲ್ಪದಲ್ಲಿ ಭಟ್ಟರು ಅದಲು ಬದಲು ಮಾಡಿರಲಿಲ್ಲ! ಚಿತ್ರ ಅಂತರ್ಜಾಲದಲ್ಲಿ ಬಂದು ಕೂತಿತ್ತು, ಇಳಿಸಿಕೊಳ್ಳುವುದೊಂದೇ ಬಾಕಿ.

ಆ ಕಾಲದಲ್ಲಿ ಇಂಟರ್ನೆಟ್ಟು ಬರುತ್ತಿದ್ದುದು ಟೆಲಿಫೋನಿನ ತಂತಿಯಲ್ಲಿ, ಅದೂ ಹನಿ ಹನಿಯಾಗಿ. ಒಂದು ದೊಡ್ಡ ಚಿತ್ರ ಇಳಿಯಲು ಅರ್ಧ ದಿನ. ನಡುವೆ ಸಂಪರ್ಕ ತಪ್ಪಿದರೆ ಮತ್ತೆ ಮೊದಲಿನಿಂದ. ನಮ್ಮ ಕಡೆಯೋ, ಹಿಂಗಾರೆಂದರೆ ಮಧ್ಯಾಹ್ನವಾದ ಕೂಡಲೇ ಗುಡುಗು. ಗುಡುಗಿದ ಕೂಡಲೇ ಎಲ್ಲ ಮನೆಗಳಲ್ಲೂ ಮೊದಲ ಕೆಲಸ ಫೋನಿನ ಪಿನ್ನು ಕೀಳುವುದು. ನಮ್ಮ ಮನೆಯಲ್ಲಿ ಆ ಖಾತೆ ಅಜ್ಜಿಯದು. ಕಿವಿ ಮಂದ ಎಂದು ನಾವು ತಿಳಿದಿದ್ದ ಅಜ್ಜಿಗೆ ಶೃಂಗೇರಿಯ ಗುಡುಗು ಕೊಪ್ಪದಲ್ಲಿ ಕೂತರೂ ಕೇಳುತ್ತಿತ್ತು. ಮೊದಲ ದಿನ ಮುಕ್ಕಾಲು ಸಮುದ್ರ ಇಳಿದಿತ್ತು, ಪಿನ್ನು ಕಿತ್ತರು. ಎರಡನೆಯ ದಿನ ಅರ್ಧವಾಗಿತ್ತು, ಕಿತ್ತರು. ಚಿಕ್ಕಪ್ಪ ಎಲೆಕ್ಟ್ರಿಕ್ ಅಂಗಡಿಯವರು. ಹೆಂಡತಿಯ ಪರ ವಹಿಸಲೋ, ತಾಯಿಯ ಪರ ವಹಿಸಲೋ ತಿಳಿಯದೆ ಇಬ್ಬರಿಗೂ ಕೇಳುವ ಹಾಗೆ ಸಿಡಿಲಿನ ಮೇಲೆ ಭಾಷಣ ಮಾಡಿ ಅಂಗಡಿಗೆ ಹೋದರು.

ಆಗ ನಾನು ನನ್ನ ವಿದ್ಯೆ ಪ್ರಯೋಗಿಸಿದೆ. ಮೂರನೆಯ ಮಧ್ಯಾಹ್ನ ಬೇಲಿಯಾಚೆ ನಿಂತು, ಟೆಲಿಫೋನಿನ ಲೈನ್‌ಮ್ಯಾನ್ ಧ್ವನಿಯಲ್ಲಿ, ಅಮ್ಮಾ, ಇಲ್ಲೇ ಕಂಬದಲ್ಲಿ ಕೆಲಸ ನಡೀತಾ ಇದೆ, ಇವತ್ತು ಪಿನ್ನು ಕೀಳಬೇಡಿ ಎಂದು ಕೂಗಿದೆ. ಅದ್ಭುತವಾಗಿತ್ತು ಎಂದು ಈಗಲೂ ನನ್ನ ಅಭಿಪ್ರಾಯ. ಒಳಗಿನಿಂದ ಅಜ್ಜಿ, “ಆಯ್ತು ಮಾಣಿ. ಗುಡುಗ್ತಾ ಇದ್ದು, ಕಂಬ ಇಳ್ದು ಬಾ, ಕಾಫಿ ಆರ್ತು” ಎಂದರು. ಅವರು ಮಾಣಿ ಎಂದು ಕರೆಯುವುದು ನನ್ನೊಬ್ಬನನ್ನೇ. ಪಿನ್ನು ಅವರ ಕೈಯಲ್ಲೇ ಇತ್ತು.

ಕೊನೆಗೆ ಚಿಕ್ಕಮ್ಮ ಕಾಲೇಜಿಗೆ ರಜೆ ಹಾಕಿ ಬೆಳಿಗ್ಗೆ ಹಾಲು ಬರುವ ಮೊದಲೇ ಕೂತರು. ಗುಡುಗು ಏಳುವುದರೊಳಗೆ ಸಮುದ್ರ ಪೂರ್ತಿ ಇಳಿಯಿತು. ಪರದೆಯ ಮೇಲೆ ದಡದುದ್ದಕ್ಕೂ ಕಂದು ಬಣ್ಣ, ಅದರಿಂದ ದಕ್ಷಿಣಕ್ಕೆ ಚಾಚಿದ ಉದ್ದನೆಯ ಬಾಲಗಳು, ಆಚೆ ಕಡು ನೀಲಿ. ಅಜ್ಜಿ ಬಗ್ಗಿ ನೋಡಿ, ಡಿಕಾಕ್ಷನ್ ಹಾಕಿ ಚಮಚ ಆಡಿಸದ ಹಾಲಿನ ಹಾಗೆ ಉಂಟು ಎಂದರು. ಚಿಕ್ಕಮ್ಮ ಪರದೆಗೆ ಬೆರಳು ತಾಗಿಸದೆ, ಗಾಳಿಯಲ್ಲೇ ಆ ಬಾಲಗಳನ್ನು ಒಂದೊಂದಾಗಿ ಸವರುತ್ತಾ ಹೋದರು.

ಪ್ರಬಂಧ ಗಡುವಿನೊಳಗೆ ಹೋಯಿತು. ಉಳಿದಿದ್ದು ಬಾಯಿಮಾತಿನ ಪರೀಕ್ಷೆ. ಅಲ್ಲಿ ಮತ್ತೆ ಲೋಟ ನೀರು ಕುಡಿದು ಕೂತರೆ ಅಷ್ಟು ವರ್ಷದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು. ಜೊತೆಗೆ ನಾನು ಹೋದೆ. ಘಾಟಿಯ ತಿರುವುಗಳಲ್ಲಿ ಬೆಳಗಿನ ಇಡ್ಲಿಯನ್ನೆಲ್ಲ ಕಿಟಕಿಯಿಂದ ಹೊರಗೆ ಒಪ್ಪಿಸಿದ್ದು ನಾನು, ನೀರಿನ ಬಾಟಲಿ ಹಿಡಿದು ಕೂತಿದ್ದು ಅವರು. ಜೊತೆಗೆ ಯಾರು ಯಾರನ್ನು ಕರೆದುಕೊಂಡು ಹೋಗಿದ್ದು ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.

ವಿಭಾಗದ ಹೊರಗೆ ಉದ್ದನೆಯ ಬೆಂಚು. ಒಳಗೆ ಕುರ್ಚಿ ಎಳೆಯುವ ಸದ್ದು, ಕೆಮ್ಮು. ಚಿಕ್ಕಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಇದ್ದರು. ತುಟಿ ಒಣಗಿತ್ತು. ನಾನು ನಗಿಸೋಣವೆಂದು ಆ ಬಾಗಿಲ ಹತ್ತಿರದ ಜವಾನನ ಧ್ವನಿ ತೆಗೆಯಲು ಹೊರಟೆ. ಅವರು ತಡೆದರು.

“ಅವನ್ದು ಬೇಡ. ನಂದು ಮಾಡು.”

“ಎಂತದು?”

“ನನ್ನ ಬೆನ್ನ ಹಿಂದೆ ಮಾಡ್ತೀಯಲ್ಲ, ಅದೇ. ಹಾಲಿನವನಿಗೆ ಕೆಸರು ಹೇಳ್ಕೊಡೋದು.”

ಮಾಡಿದೆ. ಮೊದಲು ಸ್ವಲ್ಪ ಉಪ್ಪು ಖಾರ ಹಾಕಿಯೇ ಮಾಡಿದೆ. ಕೈ ಬೀಸುವುದು, ಕನ್ನಡಕ ಮೇಲೇರಿಸುವುದು. ಅವರು ನಗಲಿಲ್ಲ. ಕಣ್ಣು ಮುಚ್ಚಿ ಗೋಡೆಗೆ ತಲೆ ಆನಿಸಿ ಕೇಳುತ್ತಿದ್ದರು. ನೋಡುತ್ತಾ ನೋಡುತ್ತಾ ನನ್ನ ಉಪ್ಪು ಖಾರ ತಾನಾಗಿ ಬಿಟ್ಟುಹೋಯಿತು. ಅಲೆ ತಳವನ್ನು ಹೇಗೆ ಕಲಕುತ್ತದೆ, ಎದ್ದ ಹೂಳು ಎತ್ತ ಹೋಗುತ್ತದೆ ಎಂದು ಅವರು ಹೇಳುವ ಹಾಗೇ, ಅವರು ನಿಲ್ಲಿಸುವ ಕಡೆಯಲ್ಲೇ ನಿಲ್ಲಿಸುತ್ತಾ, ಹೇಳಿ ಮುಗಿಸಿದೆ.

“ನಾನು ಹೀಗೇ ಹೇಳ್ತೀನಾ?”

“ಹೀಗೇ.”

“ಹೆದರ್ಕೊಂಡ ಹಾಗೆ ಇಲ್ಲ ಅಲ್ವಾ ಇವ್ಳು?”

“ಇಲ್ಲ ಚಿಕ್ಕಮ್ಮ.”

ಎದ್ದರು, ನೆರಿಗೆ ಸರಿಮಾಡಿಕೊಂಡರು, ಒಳಗೆ ಹೋದರು. ಬಾಗಿಲು ಮುಚ್ಚಿತು. ನಾನು ಬೆಂಚಿನ ಅಂಚಿಗೆ ಸರಿದು ಕೂತೆ. ಆಮೇಲೆ ಅವರ ಧ್ವನಿ ಸಣ್ಣಗೆ ಶುರುವಾಯಿತು, ಒಂದು ಸಲ ತಡವರಿಸಿತು, ಮತ್ತೆ ಎದ್ದಿತು. ಅಲೆ, ತಳ, ಹೂಳು. ಯಾರೋ ಏನೋ ಕೇಳಿದರು, ಇವರು ಉತ್ತರ ಹೇಳಿದರು, ಕೇಳಿದವರು ನಕ್ಕರು. ಧ್ವನಿ ಏರುತ್ತಾ ಏರುತ್ತಾ ಮುಚ್ಚಿದ ಬಾಗಿಲಿನಿಂದ ಹೊರಗೆ ಬಂದು ಓಣಿಯುದ್ದಕ್ಕೂ ಹರಡಿತು. ಪಕ್ಕದ ಕೊಠಡಿಯಿಂದ ಒಬ್ಬರು ತಲೆ ಹೊರಗೆ ಹಾಕಿ ನೋಡಿ ಹೋದರು.

ಜವಾನ ನನ್ನ ಕಡೆ ತಿರುಗಿ, ಒಳಗೆ ಮಾತಾಡ್ತಾ ಇರೋ ಮೇಡಂ ನಿಮಗೆ ಏನಾಗಬೇಕು ಎಂದು ಕೇಳಿದ. ಹೇಳಲು ಬಾಯಿ ತೆರೆದೆ. ಧ್ವನಿ ಹೊರಡಲಿಲ್ಲ. ಅಂಗೈಯನ್ನು ಎದೆಯ ಮೇಲಿಟ್ಟು ತೋರಿಸಿದೆ, ನಮ್ಮವರು ಎಂದು.